ಎರಡನೆಯ ವರ್ಷದ ವಾರಂಟಿ ಯಾರಿಗೆ?

ಕಲಬುರಗಿಯಲ್ಲಿ ಮೊಬೈಲ್ ವ್ಯಾಪಾರಕ್ಕೂ ಒಂದು ಸುಗ್ಗಿ ಇದೆ. ತೊಗರಿ ರಾಶಿ ಮುಗಿದು, ನೆಹರು ಗಂಜಿನಲ್ಲಿ ಮಾಲು ತೂಗಿ, ಕೈಗೆ ರೊಕ್ಕ ಬಂದ ಮೇಲೆ ಆಳಂದ, ಚಿತ್ತಾಪುರ, ಜೇವರ್ಗಿ, ಅಫಜಲಪುರದ ಕಡೆಯ ಮಂದಿ ಸೂಪರ್ ಮಾರ್ಕೆಟ್ಟಿಗೆ ಬರುತ್ತಾರೆ. ಬಟ್ಟೆ, ಪಾತ್ರೆ, ಮದುವೆ ಸಾಮಾನಿನ ಜೊತೆ ಈಗ ಫೋನೂ ಆ ಯಾದಿಯಲ್ಲಿ ಸೇರಿದೆ. ಹ್ಯಾಂಡ್‌ಸೆಟ್ ಆರಿಸಿ, ಟಫನ್ ಗ್ಲಾಸ್ ಅಂಟಿಸಿ, ಹಿಂದೆ ಕವರ್ ಹಾಕಿ, ಇನ್ನೇನು ಬಿಲ್ ಆಗಬೇಕು ಅನ್ನುವಾಗ ಕೌಂಟರಿನ ಹುಡುಗ ಕೇಳುತ್ತಾನೆ: "ಕಾಕಾ, ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಲೇನ್ರಿ? ಒಂದ್ ವರ್ಷ ಕಂಪನಿದು ಅದ, ಮ್ಯಾಲ ಇನ್ನೊಂದ್ ವರ್ಷ ಸಿಗ್ತದ. ಏನಾದ್ರೂ ಆದ್ರ ಚಿಂತಿನೇ ಇಲ್ಲ."

ಕಾಕಾ ಮಗನ ಮುಖ ನೋಡುತ್ತಾರೆ. ಹದಿನೈದು ಸಾವಿರ ಕೊಡುವುದು ಆಗಲೇ ಠರಾಯಿಸಿದೆ, ಅದರ ಮುಂದೆ ಸಾವಿರ ದೊಡ್ಡದಲ್ಲ ಅನ್ನಿಸುತ್ತದೆ. "ಹಾಕ್ರಿ" ಅನ್ನುತ್ತಾರೆ. ಫೋನು ಕಂತಿನ ಮೇಲೆ ತೆಗೆದುಕೊಂಡಿದ್ದರೆ ಆ ಸಾವಿರವೂ ಕಂತಿನಲ್ಲೇ ಸೇರಿಹೋಗುತ್ತದೆ, ಬೇರೆಯಾಗಿ ಕಣ್ಣಿಗೇ ಬೀಳುವುದಿಲ್ಲ.

ನಾನು ಇಲ್ಲಿಯ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಹೇಳಿಕೊಡುತ್ತೇನೆ. ಗ್ರಾಹಕ ಕಾನೂನಿನ ಪಾಠ ಬಂದಾಗ ಮನೆಯಲ್ಲಿರುವ ವಾರಂಟಿ ಕಾಗದಗಳನ್ನು ತರಲು ಮಕ್ಕಳಿಗೆ ಹೇಳುತ್ತೇನೆ. ತರುತ್ತಾರೆ. ಕೆಲವರು ಅಣ್ಣನದು, ಕೆಲವರು ಪಕ್ಕದ ಮನೆಯವರದು. ಹೀಗೆ ಹಲವು ವರ್ಷಗಳಿಂದ ಈ ಯೋಜನೆಗಳ ಷರತ್ತುಗಳನ್ನು ಓದುತ್ತ ಬಂದಿದ್ದೇನೆ. ಓದಿದಷ್ಟೂ ಒಂದು ಮಾತು ನನ್ನಲ್ಲಿ ಗಟ್ಟಿಯಾಗಿದೆ: ಈ ರಕ್ಷಣೆ ಯಾರಿಗೆ ನಿಜಕ್ಕೂ ಬೇಕೋ ಅವರ ಕೈಗೆ ಅದು ದಕ್ಕುವುದೇ ಕಡಿಮೆ. ಇಲ್ಲದಿದ್ದರೂ ನಡೆಯುತ್ತದೆ ಎನ್ನುವವರಿಗೆ ಸಲೀಸಾಗಿ ದಕ್ಕುತ್ತದೆ. ಇದು ನನ್ನನ್ನು ಬಹಳ ಕಾಡುತ್ತದೆ. ಹೀಗಾಗಿ ಈ ಬರಹ.

ಮೊದಲು, ಮಾರಾಟವಾಗುತ್ತಿರುವುದು ಏನು ಎಂಬುದನ್ನು ಬಿಡಿಸಿಕೊಳ್ಳಬೇಕು. ಕೌಂಟರಿನಲ್ಲಿ ಒಂದೇ ಹೆಸರು ಹೇಳಿ ಎರಡು ಬೇರೆ ಸರಕು ಕೊಡುತ್ತಾರೆ. ಒಂದು, ಕಂಪನಿಯ ವಾರಂಟಿ ಮುಗಿದ ಮರುದಿನದಿಂದ ಶುರುವಾಗುವ ಮುಂದುವರಿಕೆ. ಅದರಲ್ಲಿ ಸಿಗುವುದು ಕಾರ್ಖಾನೆಯ ದೋಷಕ್ಕೆ ರಿಪೇರಿ ಮಾತ್ರ. ತಾನಾಗಿ ಬೋರ್ಡು ಸತ್ತರೆ, ಸ್ಪೀಕರ್ ನಿಂತರೆ, ಕ್ಯಾಮೆರಾ ಕೆಲಸ ಬಿಟ್ಟರೆ. ಇನ್ನೊಂದು ಅಪಘಾತದ ಹಾನಿಗೆ: ಬಿದ್ದು ಡಿಸ್‌ಪ್ಲೇ ಒಡೆದರೆ, ನೀರು ಹೊಕ್ಕರೆ. ಇದು ಸಾಮಾನ್ಯವಾಗಿ ಕೊಂಡ ದಿನದಿಂದಲೇ ಶುರು. ಬೆಲೆ ಬೇರೆ. ಪ್ರತಿ ರಿಪೇರಿಗೆ ನಮ್ಮ ಕೈಯಿಂದಲೂ ಒಂದಿಷ್ಟು ಹಾಕಬೇಕೆಂಬ ಷರತ್ತು ಬಹಳ ಕಡೆ ಇರುತ್ತದೆ. ಫೋನು ಕಳೆದುಹೋದರೆ ಮೊದಲನೆಯದರಲ್ಲಿ ಏನೂ ಸಿಗುವುದಿಲ್ಲ. ಆಗ ಮಾಡಬೇಕಾದದ್ದು ಪೊಲೀಸರಿಗೆ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರು ಹಾಕಿ ಹ್ಯಾಂಡ್‌ಸೆಟ್ ಬಂದ್ ಮಾಡಿಸುವುದು.

ನನ್ನ ತರಗತಿಗೆ ಬಂದ ಕಾಗದಗಳಲ್ಲಿ ಹೆಚ್ಚಿನವು ಮೊದಲ ಬಗೆಯವು. ಅವನ್ನು ತಂದವರಲ್ಲಿ ಹೆಚ್ಚಿನವರು ತಮ್ಮ ಬಳಿ ಎರಡನೆಯ ಬಗೆಯದು ಇದೆ ಎಂದೇ ನಂಬಿದ್ದರು. ಫೋನುಗಳು ಹೇಗೆ ಕೆಡುತ್ತವೆ ಎಂದು ತಿಳಿಯಲು ಜಗತ್ ಸರ್ಕಲ್ ಕಡೆಯ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಅರ್ಧ ತಾಸು ನಿಂತರೆ ಸಾಕು. ಒಡೆದ ಡಿಸ್‌ಪ್ಲೇ, ನೀರು ಕುಡಿದ ಬೋರ್ಡು, ಉಬ್ಬಿದ ಬ್ಯಾಟರಿ, ಸಡಿಲಾದ ಚಾರ್ಜಿಂಗ್ ಪಿನ್. ಎರಡನೆಯ ವರ್ಷದಲ್ಲಿ ಕಾರ್ಖಾನೆಯ ದೋಷದಿಂದ ಸತ್ತ ಫೋನು ಅಲ್ಲಿಗೆ ಬರುವುದು ಅಪರೂಪ.

ಅಪರೂಪ ಆಗಿರುವುದಕ್ಕೆ ಕಾರಣವಿದೆ. ಯಂತ್ರಗಳು ಯಾವ ವಯಸ್ಸಿನಲ್ಲಿ ಕೆಡುತ್ತವೆ ಎಂಬುದಕ್ಕೆ ಎಂಜಿನಿಯರುಗಳು ಒಂದು ಗೆರೆ ಎಳೆಯುತ್ತಾರೆ. ನೋಡಲು ಸ್ನಾನದ ತೊಟ್ಟಿಯ ಆಕಾರ ಇರುವುದರಿಂದ ಅದನ್ನು ಬಾತ್‌ಟಬ್ ಕರ್ವ್ ಎಂದೇ ಕರೆಯುತ್ತಾರೆ. ತಯಾರಿಕೆಯಲ್ಲಿ ಲೋಪ ಉಳಿದ ಮಾಲು ಮೊದಲ ಕೆಲವು ತಿಂಗಳಲ್ಲೇ ಕೈಕೊಡುತ್ತದೆ, ಅಲ್ಲಿ ಗೆರೆ ಎತ್ತರ. ಅದನ್ನು ದಾಟಿದ ಮಾಲು ಬಹಳ ಕಾಲ ತಂಟೆಯಿಲ್ಲದೆ ನಡೆಯುತ್ತದೆ, ಗೆರೆ ನೆಲಕ್ಕೆ ಹತ್ತುತ್ತದೆ. ಕೊನೆಗೆ ಸವೆತ ಶುರುವಾಗಿ ಮತ್ತೆ ಏರುತ್ತದೆ. ಕಂಪನಿ ಪುಕ್ಕಟೆ ಕೊಡುವ ಮೊದಲ ವರ್ಷದ ವಾರಂಟಿ ಎಡಗಡೆಯ ಆ ಎತ್ತರವನ್ನು ನೋಡಿಕೊಳ್ಳುತ್ತದೆ. ನಾವು ರೊಕ್ಕ ಕೊಟ್ಟು ಕೊಳ್ಳುವ ಎರಡನೆಯ, ಮೂರನೆಯ ವರ್ಷಗಳು ಹೆಚ್ಚಾಗಿ ತೊಟ್ಟಿಯ ತಳದಲ್ಲಿ ಬೀಳುತ್ತವೆ. ಅದೂ ಒಂದು ವರ್ಷ ಮೊದಲೇ ರೊಕ್ಕ ಕಟ್ಟಿ.

ತರಗತಿಯಲ್ಲಿ ಒಂದು ಲೆಕ್ಕ ಮಾಡಿಸುತ್ತೇನೆ. 15,000 ರೂಪಾಯಿಯ ಫೋನು, ಮುಂದಿನ ಒಂದು ವರ್ಷದ ವಾರಂಟಿಗೆ 1,000 ರೂಪಾಯಿ, ದೋಷ ಬಂದರೆ ರಿಪೇರಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಕೊಂಡವರೆಲ್ಲ ಸೇರಿ ಕಟ್ಟಿದ ರೊಕ್ಕ ಅವರಿಗೇ ಮರಳಬೇಕಾದರೆ, ಐದು ಫೋನಿನಲ್ಲಿ ಒಂದು ಎರಡನೆಯ ವರ್ಷದಲ್ಲೇ ತಾನಾಗಿ ಕೆಡಬೇಕು. ಅಷ್ಟು ಕೆಡುವ ಫೋನನ್ನು ಯಾರು ಕೊಂಡಾರು? ಅಂಥ ಫೋನಿಗೆ ಸಾವಿರ ರೂಪಾಯಿಗೆ ವಾರಂಟಿ ಯಾರು ಮಾರಿಯಾರು? ರಿಪೇರಿಗೆ ಹೋಗಿ ಉಳಿದದ್ದು ಅಂಗಡಿಯ ಕಮಿಷನ್ನು, ಯೋಜನೆಯ ಕಂಪನಿಯ ಖರ್ಚು ಮತ್ತು ಲಾಭ.

ಈ ಲೆಕ್ಕ ಮುಗಿಸಿದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ, "ಹಂಗಾದ್ರ ಮೇಡಮ್ರಿ, ಎಲ್ಲಾ ವಿಮಾನೂ ಹಂಗೇ ಅಲ್ಲೇನ್ರಿ? ಕಟ್ಟಿದ್ದಕ್ಕಿಂತ ಕಡಿಮಿನೇ ಬರ್ತದ."

ಅವನು ಕೇಳಿದ್ದು ಸರಿ. ಸರಾಸರಿ ಲೆಕ್ಕದಲ್ಲಿ ಎಲ್ಲ ವಿಮೆಯೂ ಕೊಳ್ಳುವವನಿಗೆ ಸ್ವಲ್ಪ ನಷ್ಟವೇ. ಆದರೂ ವಿಮೆ ಮಾಡಿಸುತ್ತೇವೆ, ಏಕೆಂದರೆ ಕೆಲವು ಪೆಟ್ಟು ಒಮ್ಮೆಲೇ ಬಿದ್ದರೆ ತಡೆದುಕೊಳ್ಳಲು ಆಗುವುದಿಲ್ಲ. ಆ ದೊಡ್ಡ ಪೆಟ್ಟನ್ನು ಸಣ್ಣ ಸಣ್ಣ ಕಂತಿನಲ್ಲಿ ಮೊದಲೇ ಹಂಚಿಕೊಳ್ಳುತ್ತೇವೆ. ನನ್ನಂಥ ತಿಂಗಳ ಸಂಬಳದವರಿಗೆ ಫೋನು ಕೆಟ್ಟರೆ ಬೇಸರವಾಗುತ್ತದೆ, ಆ ತಿಂಗಳ ಉಳಿತಾಯ ಹೋಗುತ್ತದೆ, ಅಷ್ಟೇ. ನಮಗೆ ಈ ಯೋಜನೆ ಬೇಡ. ಆ ಸಾವಿರವನ್ನು ಬ್ಯಾಂಕಿನಲ್ಲಿ ಇಟ್ಟರೆ ರಿಪೇರಿಗೆ ಒಂದಿಷ್ಟು ಆಗುತ್ತದೆ, ರಿಪೇರಿ ಬರದಿದ್ದರೆ ನಮ್ಮದೇ ಉಳಿಯುತ್ತದೆ.

ಆದರೆ 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹದಿನೈದು ಸಾವಿರದ ಫೋನು ಎಂದರೆ ನಲವತ್ತು ದಿನದ ಕೂಲಿ, ಅದೂ ಒಂದು ದಿನ ತಪ್ಪದೆ ಕೆಲಸ ಸಿಕ್ಕರೆ. ಅವರಿಗೆ ಅದು ನಿಜವಾಗಿ ತಡೆಯಲಾಗದ ಪೆಟ್ಟು. ಬ್ಯಾಂಕಿನ ಮೆಸೇಜು, ಆಧಾರದ ಒಟಿಪಿ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ದೂರ ದುಡಿಯಲು ಹೋದ ಗಂಡನ ದನಿ, ಎಲ್ಲ ಆ ಒಂದು ಹ್ಯಾಂಡ್‌ಸೆಟ್ಟಿನಲ್ಲಿ. ವಿಮೆಯ ಪಾಠದ ಪ್ರಕಾರ ಅವರು ಇಂಥ ಯೋಜನೆ ಕೊಳ್ಳುವುದು ಸರಿಯೇ. "ಬಡವರು ಯಾಕೆ ಇದಕ್ಕೆಲ್ಲ ರೊಕ್ಕ ಹಾಕ್ತಾರೆ" ಎಂದು ಕೇಳುವ ಸಹೋದ್ಯೋಗಿಗಳ ಜೊತೆ ನಾನು ವಾದ ಮಾಡಿದ್ದೇನೆ. ಅವರ ಆಸೆಯಲ್ಲಿ ತಪ್ಪಿಲ್ಲ. ಆ ಆಸೆಗೆ ಕೊಡುತ್ತಿರುವ ಸರಕಿನಲ್ಲಿ ತಪ್ಪಿದೆ.

ನಮ್ಮ ಕಾಕಾನ ಸೊಸೆ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾಯಕ ಬಂಧು ಆಗಿದ್ದಳು. ಉದ್ಯೋಗ ಖಾತ್ರಿಯ ಕೆಲಸದ ಜಾಗದಲ್ಲಿ ಕೂಲಿಕಾರರ ಹಾಜರಿ ಹಾಕುವವರಿಗೆ ನಮ್ಮ ರಾಜ್ಯದಲ್ಲಿ ಇಟ್ಟ ಹೆಸರು ಅದು. 2023ರ ಜನವರಿಯಿಂದ ಆ ಹಾಜರಿ ಮೊಬೈಲ್ ಆ್ಯಪಿನಲ್ಲೇ ಆಗಬೇಕೆಂದು ಕಡ್ಡಾಯವಾಯಿತು. ಕೆಲಸದ ಜಾಗದಲ್ಲಿ ನಿಂತು ದಿನಕ್ಕೆ ಎರಡು ಸಲ ಫೋಟೊ ತೆಗೆದು ಏರಿಸಬೇಕಿತ್ತು. ಅದಕ್ಕೆಂದೇ ತೊಗರಿ ಮಾರಿದ ರೊಕ್ಕದಲ್ಲಿ ಒಂದು ಫೋನು ಕೊಂಡರು, ಎರಡನೆಯ ವರ್ಷದ ವಾರಂಟಿಯನ್ನೂ ಹಾಕಿಸಿದರು. ಎರಡನೆಯ ವರ್ಷ ಕಾಲಿಟ್ಟ ಸ್ವಲ್ಪ ದಿನಕ್ಕೇ ಡಿಸ್‌ಪ್ಲೇ ಕಪ್ಪಾಯಿತು. ಬಿದ್ದಿರಲಿಲ್ಲ. ರಾತ್ರಿ ಚಾರ್ಜಿಗೆ ಹಾಕಿದ್ದು ಬೆಳಿಗ್ಗೆ ಹತ್ತಲಿಲ್ಲ.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಯೋಜನೆ ಎಲ್ಲಿ ಸೋರುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಅಂಗಡಿಯವರು, "ನಾವು ಬರೇ ಮಾರ್ತೀವಿ, ಕಂಪನಿಗೆ ಫೋನ್ ಹಚ್ರಿ" ಅಂದರು. ಫೋನ್ ಹಚ್ಚಿದರೆ ಯೋಜನೆ ನೋಂದಾಯಿಸಿದ್ದು ಗಂಡನ ನಂಬರಿಗೆ. ಗಂಡ ದುಡಿಯಲು ಪುಣೆಗೆ ಹೋಗಿದ್ದ. ಒಟಿಪಿ ಅವನಿಗೆ ಹೋಗುತ್ತಿತ್ತು, ಅವನು ಕಟ್ಟಡದ ಕೆಲಸದಲ್ಲಿ ಇರುತ್ತಿದ್ದ, ಸಂಜೆ ಅವನು ನೋಡುವಷ್ಟರಲ್ಲಿ ಒಟಿಪಿಯ ಹೊತ್ತು ಮೀರಿರುತ್ತಿತ್ತು. ಬಿಲ್ ಕೇಳಿದರು. ಅಂಗಡಿಯ ಸಣ್ಣ ಬಿಲ್ಲು ಥರ್ಮಲ್ ಕಾಗದದ್ದು, ಬಿಸಿ ತಾಗಿದರೆ ಆ ಅಕ್ಷರ ಮಾಸಿಹೋಗುತ್ತದೆ. ತಗಡಿನ ಮನೆಯಲ್ಲಿ ಒಂದು ಬೇಸಿಗೆ ಕಳೆದ ಬಿಲ್ಲಿನ ಮೇಲೆ ಏನು ಉಳಿದೀತು? ಪುಣ್ಯಕ್ಕೆ ಡಬ್ಬಾ ಇತ್ತು, ಅದರ ಮೇಲೆ ಐಎಂಇಐ ಇತ್ತು, ಅಂಗಡಿಯಿಂದ ಬಿಲ್ಲಿನ ಎರಡನೆಯ ಪ್ರತಿ ತೆಗೆಸಿದೆವು. ಸರ್ವಿಸ್ ಸೆಂಟರ್ ಕಲಬುರಗಿಯಲ್ಲಿ. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸಿನ ಟಿಕೆಟ್ಟಿಗೆ ರೊಕ್ಕ ಹೋಗಲಿಲ್ಲ. ಆದರೆ ಬಂದಾಗಲೆಲ್ಲ ಒಂದು ದಿನದ ಕೂಲಿ ಹೋಯಿತು, ಆ ದಿನ ಹಾಜರಿಗೆ ಬೇರೆಯವರ ಫೋನು ಬೇಡಬೇಕಾಯಿತು.

ಕೊನೆಗೆ ಒಂದು ಇಂಗ್ಲಿಷ್ ಮೆಸೇಜು ಬಂತು. ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಅಕ್ಕಾರ, ಇದ್ರಾಗ ಏನ್ ಬರದಾರ ನೋಡ್ರಿ." ಫೋನಿನ ಮೂಲೆಯಲ್ಲಿ ತಗ್ಗು ಬಿದ್ದಿದೆ, ಇದು ಹೊರಗಿನಿಂದ ಆದ ಹಾನಿ, ಹೀಗಾಗಿ ಯೋಜನೆಯಲ್ಲಿ ಬರುವುದಿಲ್ಲ ಎಂದು ಬರೆದಿತ್ತು. ಮೂಲೆಯಲ್ಲಿ ತಗ್ಗು ಇತ್ತು, ಖರೆ. ಹೊಲ, ಕೆರೆಯ ಏರಿ ಸುತ್ತುವ ಫೋನಿನ ಮೂಲೆಯಲ್ಲಿ ತಗ್ಗು ಇಲ್ಲದೆ ಇರುತ್ತದೆಯೇ? ಆ ತಗ್ಗಿಗೂ ಡಿಸ್‌ಪ್ಲೇ ಕಪ್ಪಾದದ್ದಕ್ಕೂ ಏನು ಸಂಬಂಧ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ. ನಾನು ಅದನ್ನೇ ಕೇಳಿ ಬರೆದೆ. ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಯೋಜನೆಗೆ ಕಟ್ಟಿದ್ದ ಹಣವನ್ನು ಹಿಂದೆ ಕೊಟ್ಟರು. ಡಿಸ್‌ಪ್ಲೇ ಹಾಕಿಸಿದ ಖರ್ಚು ಅವಳದೇ ಆಯಿತು. ಗ್ರಾಹಕ ಆಯೋಗಕ್ಕೆ ಹೋಗೋಣ ಅಂದೆ. "ಬ್ಯಾಡ್ರಿ ಅಕ್ಕಾರ, ಮತ್ತ ಓಡಾಡೋದು ಆಗಲ್ಲ" ಅಂದಳು. ನಾನು ಒತ್ತಾಯ ಮಾಡಲಿಲ್ಲ.

ಅದೇ ಸಮಯದಲ್ಲಿ ನಮ್ಮ ಕಾಲೇಜಿನ ಒಬ್ಬರ ಲ್ಯಾಪ್‌ಟಾಪು ಕೆಟ್ಟಿತು. ಅವರ ಬಿಲ್ಲು ಇಮೇಲಿನಲ್ಲಿ ಇತ್ತು, ನಂಬರು ಅವರದೇ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತಾಡಬಲ್ಲರು, ಮನೆಯಲ್ಲಿ ಇನ್ನೊಂದು ಲ್ಯಾಪ್‌ಟಾಪೂ ಇತ್ತು. ವಾರದಲ್ಲಿ ಕೆಲಸ ಆಯಿತು. ಯೋಜನೆಯ ಷರತ್ತು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು. ನಾನು ಮೇಲೆ ಹೇಳಿದ್ದು ಇದನ್ನೇ.

ಇನ್ನು ನಮ್ಮ ಬಿಸಿಲಿನ ಮಾತು. ಕಲಬುರಗಿಗೆ ಮೇ ತಿಂಗಳಲ್ಲಿ 42, 43 ಡಿಗ್ರಿ ಹೊಸದಲ್ಲ. ಆ್ಯಪಲ್ ತನ್ನ ಐಫೋನುಗಳನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಹೇಳುತ್ತದೆ. ಹಾಗಾದರೆ ನಮ್ಮ ಇಡೀ ಬೇಸಿಗೆಯ ಮಧ್ಯಾಹ್ನಗಳು ಆ ಮಿತಿಯ ಹೊರಗೆ. ಲಿಥಿಯಂ ಬ್ಯಾಟರಿಯ ಒಳಗಿನ ರಸಾಯನ ಕ್ರಿಯೆಗಳು ಬಿಸಿಯಲ್ಲಿ ವೇಗವಾಗುತ್ತವೆ. ಬೇಡದ ಕ್ರಿಯೆಗಳೂ ವೇಗವಾಗಿ, ಒಳಗೆ ಅನಿಲ ತುಂಬಿ ಬ್ಯಾಟರಿ ಉಬ್ಬುತ್ತದೆ. ರಿಪೇರಿ ಅಂಗಡಿಯ ಭಾಯ್ ಒಬ್ಬರು ಹೇಳಿದ್ದು ನೆನಪಿದೆ: "ಬ್ಯಾಸಗ್ಯಾಗ ಬ್ಯಾಟರಿ ಕೆಲಸನೇ ಜಾಸ್ತಿ ಮೇಡಮ್ರಿ. ಗಾಡಿ ಮ್ಯಾಲ ಬಿಸಲಾಗ ಮ್ಯಾಪ್ ಹಚ್ಚಿ ಓಡಸ್ತಾರ, ಸಂಜಿಕ ಅದು ಪುಗ್ಗಿ ಆಗಿರ್ತದ." ಹೊಸ ಬ್ಯಾಟರಿ ಹಾಕಿ, ಹಳೆಯದನ್ನು ಚುಚ್ಚಬೇಡಿ, ಒತ್ತಬೇಡಿ ಎಂದು ಎದುರಿನವರಿಗೆ ಹೇಳಿಯೇ ಕಳಿಸುತ್ತಾರೆ ಆ ಮನುಷ್ಯ.

ಕರೆಂಟಿನದೂ ಇದೇ ಕಥೆ. ಮನೆಗೆ 230 ವೋಲ್ಟ್ ಬರಬೇಕು. ಊರಾಚೆಯ ಲೈನುಗಳಲ್ಲಿ ಪಂಪುಸೆಟ್ಟು ಶುರುವಾದಾಗ ಬಲ್ಬು ಮಂಕಾಗುವುದು, ಹೋದ ಕರೆಂಟು ಬಂದ ಕ್ಷಣ ಒಮ್ಮೆಲೇ ಜಿಗಿಯುವುದು ಹಳ್ಳಿಯವರೆಲ್ಲ ಕಂಡದ್ದೇ. ಚಾರ್ಜರು, ಟಿವಿ, ಇನ್ವರ್ಟರಿನ ಒಳಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳಿರುತ್ತವೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಓದಿದವರಿಗೆಲ್ಲ ಗೊತ್ತಿರುವ ಲೆಕ್ಕ.

ಹಾಗಾದರೆ ನಮ್ಮ ಭಾಗದಲ್ಲಿ ಸಾಧನಗಳನ್ನು ಕೊಲ್ಲುವುದು ಬಿಸಿ ಮತ್ತು ಕರೆಂಟು. ಈಗ ಯೋಜನೆಯ ಕಾಗದದಲ್ಲಿ ‘ಇವು ಸೇರಿಲ್ಲ’ ಎಂಬ ಭಾಗ ತೆರೆಯಿರಿ. ಬ್ಯಾಟರಿ ಸವೆಯುವ ವಸ್ತು, ಸೇರಿಲ್ಲ. ಚಾರ್ಜರು ಬಿಡಿಸಾಮಾನು, ಸೇರಿಲ್ಲ. ವೋಲ್ಟೇಜಿನ ಏರಿಳಿತದಿಂದ ಆದದ್ದು ಹೊರಗಿನ ಕಾರಣ, ಸೇರಿಲ್ಲ. ನೀರು ಸೇರಿಲ್ಲ. ಫೋನಿನ ಒಳಗೆ ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಪುಟ್ಟ ಚೀಟಿ ಅಂಟಿಸಿರುತ್ತಾರೆ, ಸರ್ವಿಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ. ಡಬ್ಬಾದ ಮೇಲೆ ನೀರು ತಡೆಯುತ್ತದೆ ಎಂಬುದರ ಗುರುತಾದ ಐಪಿ68 ಎಂದು ಬರೆದಿದ್ದರೂ ನೀರಿನ ಹಾನಿಗೆ ಕಂಪನಿಯ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಹೊರಗಿನ ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿದ್ದರೆ ಇಡೀ ಯೋಜನೆಯೇ ರದ್ದು. ಜೊತೆಗೆ ಹಾನಿಯಾದ 24 ಅಥವಾ 48 ತಾಸಿನೊಳಗೆ ತಿಳಿಸಬೇಕು ಎಂಬ ಗಡುವು ಕೆಲವು ಯೋಜನೆಗಳಲ್ಲಿ ಇರುತ್ತದೆ.

ಈ ಗಡುವಿನ ವಿಷಯದಲ್ಲಿ ನಮ್ಮ ರೈತರು ದಡ್ಡರಲ್ಲ. ಬೆಳೆ ವಿಮೆಯಲ್ಲಿ ಆಲಿಕಲ್ಲು ಬಿದ್ದರೆ, ಹೊಲಕ್ಕೆ ನೀರು ನುಗ್ಗಿದರೆ 72 ತಾಸಿನೊಳಗೆ ತಿಳಿಸಬೇಕು ಎಂಬುದು ಅಕ್ಷರ ಬಾರದವರಿಗೂ ಗೊತ್ತಿದೆ. ಯಾಕೆ ಗೊತ್ತಿದೆ ಎಂದರೆ ರೈತ ಸಂಪರ್ಕ ಕೇಂದ್ರದಲ್ಲಿ, ಪತ್ರಿಕೆಯಲ್ಲಿ, ಊರಿನ ಕಟ್ಟೆಯ ಮೇಲೆ ಅದನ್ನು ಕನ್ನಡದಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಫೋನಿನ ವಾರಂಟಿಯ ಗಡುವನ್ನು ಅವರಿಗೆ ಹೇಳಿದವರಿಲ್ಲ. ಮಾರುವಾಗಿನ ಮಾತೆಲ್ಲ ನಮ್ಮ ಕನ್ನಡದಲ್ಲಿ, ನಮ್ಮ ದಖನಿಯಲ್ಲಿ. ಕರಾರು ಮಾತ್ರ ಇಂಗ್ಲಿಷಿನಲ್ಲಿ, ಅದೂ ಕಾಗದದ ಮೇಲಲ್ಲ, ಮೆಸೇಜಿನಲ್ಲಿ ಬರುವ ಒಂದು ಲಿಂಕಿನ ಹಿಂದೆ. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದೆವು. ನನಗೆ ಅದು ಸಂತೋಷವೇ. ಆದರೆ ಬೋರ್ಡು ಓದಲು ಬರದಿದ್ದರೆ ಯಾರೂ ರೊಕ್ಕ ಕಳೆದುಕೊಳ್ಳುವುದಿಲ್ಲ, ಕರಾರು ಓದಲು ಬರದಿದ್ದರೆ ಕಳೆದುಕೊಳ್ಳುತ್ತಾರೆ.

ಆರೋಗ್ಯ ವಿಮೆಯಲ್ಲಿ ಇದಕ್ಕೆ ಒಂದು ದಾರಿ ಮಾಡಿದ್ದಾರೆ. 2024ರ ಜನವರಿ 1ರಿಂದ ಪ್ರತಿ ಪಾಲಿಸಿಯ ಜೊತೆ ಹೊಸ ಮಾದರಿಯ ಗ್ರಾಹಕ ಮಾಹಿತಿ ಪತ್ರ ಕೊಡಬೇಕು ಎಂದು ವಿಮಾ ನಿಯಂತ್ರಕರಾದ ಐಆರ್‌ಡಿಎಐ ಹೇಳಿದರು. ಏನು ಸೇರಿದೆ, ಏನು ಸೇರಿಲ್ಲ, ಕ್ಲೇಮು ಹೇಗೆ, ದೂರು ಎಲ್ಲಿ ಎಂಬುದು ಅದರಲ್ಲಿ ಸರಳ ಮಾತಿನಲ್ಲಿ ಇರಬೇಕು, ಗ್ರಾಹಕ ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಅಂಗಡಿಯಲ್ಲಿ ಮಾರುವ ವಾರಂಟಿ ಯೋಜನೆ ಸೇವೆಯ ಕರಾರು ಎಂಬ ಲೆಕ್ಕದಲ್ಲಿ ಬರುವುದರಿಂದ ಆ ನಿಯಮ ಅದಕ್ಕೆ ಹತ್ತುವುದಿಲ್ಲ. ಕೊಳ್ಳುವವನಿಗೆ ಎರಡೂ ಒಂದೇ ಥರ ಕಾಣುತ್ತವೆ: ಈಗ ರೊಕ್ಕ ಕೊಡು, ಕಷ್ಟ ಬಂದರೆ ನೋಡಿಕೊಳ್ಳುತ್ತೇವೆ. ಹಾಗಿದ್ದ ಮೇಲೆ ಒಂದು ಪುಟದ ಕನ್ನಡದ ಮಾಹಿತಿ ಪತ್ರ ಇದಕ್ಕೂ ಬೇಕು, ಬಿಲ್ಲಿನ ಜೊತೆಗೇ ಕೈಗೆ ಬರಬೇಕು. ಒಡೆದರೆ ಇಲ್ಲ, ನೀರಿಗೆ ಇಲ್ಲ, ಬ್ಯಾಟರಿಗೆ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಮೇಲೆಯೇ ಇರಬೇಕು. ಅದನ್ನು ಓದಿಯೂ ಕೊಳ್ಳುವವರು ಕೊಳ್ಳಲಿ.

ಇನ್ನೂ ಬೇರಿಗೆ ಹೋಗಿ ಕೇಳಬಹುದು. ಎರಡನೆಯ ವರ್ಷಕ್ಕೆ ನಾವು ಬೇರೆ ರೊಕ್ಕ ಯಾಕೆ ಕೊಡಬೇಕು? ಯುರೋಪಿನ ಒಕ್ಕೂಟದಲ್ಲಿ ಹೊಸ ವಸ್ತು ಮಾರಿದವನು ಕನಿಷ್ಠ ಎರಡು ವರ್ಷ ಅದರ ದೋಷಕ್ಕೆ ಹೊಣೆ, ಕಾನೂನಿನಿಂದಲೇ, ಪುಕ್ಕಟೆ. 2025ರ ಜೂನ್ 20ರಿಂದ ಅಲ್ಲಿ ಸ್ಮಾರ್ಟ್‌ಫೋನುಗಳಿಗೆ ಹೊಸ ನಿಯಮ ಬಂದಿದೆ. ಬ್ಯಾಟರಿ 800 ಸಲ ಚಾರ್ಜಾದ ಮೇಲೂ ಕನಿಷ್ಠ ಶೇ 80ರಷ್ಟು ಹಿಡಿಯಬೇಕು, ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ನಮ್ಮಲ್ಲಿ ವಾರಂಟಿ ಎಷ್ಟು ಎಂಬುದನ್ನು ತಯಾರಕರ ಇಚ್ಛೆಗೆ ಬಿಟ್ಟಿದ್ದೇವೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ತಾಣ ಶುರುಮಾಡಿತು, ವಸ್ತುವೊಂದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಅಂಕ ಕೊಡುವ ಬಗ್ಗೆ ಒಂದು ಸಮಿತಿ 2025ರಲ್ಲಿ ವರದಿ ಕೊಟ್ಟಿದೆ. ಆ ಅಂಕ ಡಬ್ಬಾದ ಮೇಲೆ ಅಚ್ಚಾಗಿ ಬಂದರೆ, ಒರಿಜಿನಲ್ ಡಿಸ್‌ಪ್ಲೇ ಜಗತ್ ಸರ್ಕಲಿನ ಅಂಗಡಿಗೂ ನ್ಯಾಯವಾದ ಬೆಲೆಗೆ ಸಿಕ್ಕರೆ, ಎರಡನೆಯ ವರ್ಷದ ಭಯ ಅರ್ಧ ಇಳಿಯುತ್ತದೆ. ಈಗ ಅವರ ಕೈಗೆ ಹೆಚ್ಚಾಗಿ ಸಿಗುವುದು ಕಾಪಿ ಮಾಲು. ಅದಕ್ಕೆ ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಈಗಾಗಲೇ ಯೋಜನೆ ಕೊಂಡು, ಕ್ಲೇಮು ತಿರಸ್ಕಾರವಾಗಿ ಕೂತವರಿಗೆ ಕಾನೂನಿನಲ್ಲಿ ಇರುವುದನ್ನು ಹೇಳಿಬಿಡುತ್ತೇನೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಟ್ಟ ಮಾತಿನಂತೆ ಸೇವೆ ಕೊಡದಿರುವುದು ಸೇವಾ ನ್ಯೂನತೆ. ಕಂಪನಿಯ ಕಚೇರಿ ಮುಂಬಯಿಯಲ್ಲಿ ಇರಲಿ, ಗುರುಗ್ರಾಮದಲ್ಲಿ ಇರಲಿ, ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕಲಬುರಗಿಯವರಿಗೆ ಕಲಬುರಗಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕೆಂದಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ತಾಣದಲ್ಲಿ ಆನ್‌ಲೈನಾಗಿಯೂ ಕೊಡಬಹುದು. ಆದರೆ ಒಂದು ತೊಡಕಿದೆ. ಜಿಲ್ಲಾ ಆಯೋಗದಲ್ಲಿ ನಮ್ಮ ಒಂದು ಕ್ಲೇಮಿನ ನ್ಯಾಯ ಕೇಳಬಹುದೇ ಹೊರತು, ಕರಾರಿನ ಷರತ್ತೇ ಅನ್ಯಾಯದ್ದು ಎಂದು ಪ್ರಶ್ನಿಸಬೇಕಾದರೆ ರಾಜ್ಯ ಆಯೋಗಕ್ಕೇ ಹೋಗಬೇಕು. ಒಬ್ಬ ಕೂಲಿಕಾರಳು ಅಲ್ಲಿಗೆ ಹೋಗುವುದಿಲ್ಲ. ಗ್ರಾಹಕ ಸಂಘಗಳು ಹೋಗಬಹುದು, ಕಾನೂನು ಕಾಲೇಜಿನವರು ಅವರಿಗೆ ಕೈಜೋಡಿಸಬಹುದು. ನಮ್ಮೂರಿನಲ್ಲಿ ಕಾನೂನು ಓದುವ ಮಕ್ಕಳಿಗೇನು ಕಡಿಮೆ ಇಲ್ಲ.

ಯೋಜನೆ ಬೇಕೇ ಬೇಡವೇ ಎಂದು ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಕಡಿಮೆ. ಬಿಲ್ಲಿನ ಫೋಟೊ ಅಂಗಡಿಯಲ್ಲೇ ತೆಗೆದು, ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ. ಬಿಲ್ಲು, ಯೋಜನೆ, ನಂಬರು ಮೂರೂ ಫೋನು ಹಿಡಿಯುವವರ ಹೆಸರಿನಲ್ಲೇ ಇರಲಿ. ಡಬ್ಬಾ ಒಗೆಯಬೇಡಿ. "ಒಡದ್ರ ಸಿಗ್ತದೇನು?" ಎಂಬ ಒಂದೇ ಪ್ರಶ್ನೆ ಕೇಳಿ, "ಸಿಗ್ತದ" ಅಂದರೆ "ಬಿಲ್ಲಿನ ಮ್ಯಾಲ ಬರದು ಸಹಿ ಮಾಡಿಕೊಡ್ರಿ" ಅನ್ನಿ. ಬಹಳ ಸಲ ಯೋಜನೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಕೌಂಟರಿನ ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನಿಗೂ ತಿಂಗಳಿಗೆ ಇಷ್ಟು ಮಾರಬೇಕೆಂಬ ಟಾರ್ಗೆಟ್ ಇರುತ್ತದೆ, ಅಂಥ ಹುಡುಗರು ನನ್ನ ತರಗತಿಯಲ್ಲೇ ಇದ್ದಾರೆ, ಸಂಜೆ ದುಡಿದು ಫೀಸು ಕಟ್ಟುತ್ತಾರೆ.

ಮಗಳು ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾಳೆ, ಅವಳಿಗೆ ಲ್ಯಾಪ್‌ಟಾಪು ಕೊಳ್ಳಬೇಕು. ಅದಕ್ಕೆ ಮಾತ್ರ ಮೂರು ವರ್ಷದ ಮುಂದುವರಿಕೆ ತೆಗೆದುಕೊಳ್ಳಲು ಠರಾಯಿಸಿದ್ದೇನೆ. ಲ್ಯಾಪ್‌ಟಾಪಿನ ಬೋರ್ಡು ಹೋದರೆ ಖರ್ಚು ಫೋನಿನಂತಲ್ಲ, ಓದಿನ ನಡುವೆ ಅದನ್ನು ಬೇರೆ ಊರಿಗೆ ಕಳಿಸಿ ಕಾಯಲೂ ಆಗುವುದಿಲ್ಲ. ಅಂಗಡಿಯವರ ಯೋಜನೆ ಬಿಟ್ಟು ತಯಾರಕ ಕಂಪನಿಯದೇ ಯೋಜನೆ ಆರಿಸಿದ್ದೇನೆ. ನಮ್ಮ ಪಿನ್‌ಕೋಡು ಹೇಳಿ, ಕಲಬುರಗಿಯಲ್ಲಿ ಎಂಜಿನಿಯರ್ ಮನೆಗೇ ಬಂದು ನೋಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ತರಿಸಿಕೊಂಡೆ. ಬ್ಯಾಟರಿಗೆ ಅದರಲ್ಲೂ ಒಂದೇ ವರ್ಷ. ವೋಲ್ಟೇಜಿನದು ಅದರಲ್ಲೂ ಸೇರಿಲ್ಲ, ಹೀಗಾಗಿ ಒಂದು ಒಳ್ಳೆಯ ಸ್ಪೈಕ್ ಗಾರ್ಡನ್ನು ಅದೇ ಬಿಲ್ಲಿನಲ್ಲಿ ಬರೆಸಲಿದ್ದೇನೆ.